ಹೆಂಡತಿ ತವರಿನಲ್ಲಿ, ನಾನು ಬೆಂಗಳೂರಿನಲ್ಲಿ: ಮಗು ಎದೆಹಾಲು ಕುಡಿಯುವ ದಿನಗಳಲ್ಲಿ ಅಪ್ಪ ಏನು ಮಾಡಬಹುದು?

ಶನಿವಾರದ ಅಪ್ಪ · ಸೋಮವಾರ, ರಾತ್ರಿ 11:20

ಎಲ್ಲರಿಗೂ ನಮಸ್ಕಾರ. ನಮಗೆ ಹೆಣ್ಣು ಮಗು ಹುಟ್ಟಿ ಇವತ್ತಿಗೆ ಒಂಬತ್ತು ದಿನ. ಸಿಸೇರಿಯನ್ ಆಯಿತು. ತಾಯಿ, ಮಗು ಇಬ್ಬರೂ ಬಾಣಂತನಕ್ಕೆ ಅರಸೀಕೆರೆ ಹತ್ತಿರದ ತವರಿನಲ್ಲಿದ್ದಾರೆ. ನಾನು ಬೆಂಗಳೂರಿನಲ್ಲಿ. ಕಂಪನಿ ಕೊಟ್ಟ ಐದು ದಿನದ ರಜೆ ಆಸ್ಪತ್ರೆಯಲ್ಲೇ ಮುಗಿದುಹೋಯಿತು.

ಶನಿವಾರ ಹೋಗಿದ್ದೆ. ಅಳಿಯ ಬಂದ ಅಂತ ಹಾಲ್‌ನಲ್ಲಿ ಕುರ್ಚಿ ಹಾಕಿದರು, ಕಾಫಿ ಕೊಟ್ಟರು, ಬಿಸಿ ಬಿಸಿ ಅಕ್ಕಿ ರೊಟ್ಟಿ ಬಡಿಸಿದರು. ಬಾಣಂತಿ ಕೋಣೆಯ ಬಾಗಿಲು ಮಾತ್ರ ಅರ್ಧ ಮುಚ್ಚಿತ್ತು. ಮಗುವನ್ನು ಒಂದು ಸಲ ಹೊರಗೆ ತಂದು ತೋರಿಸಿದರು. ಎತ್ತಿಕೊಳ್ಳಲು ಕೈ ಚಾಚಿದೆ. "ಪುರುಡು ಕಳೆಯಲಿ, ಕತ್ತು ನಿಲ್ಲಲಿ, ಆಮೇಲೆ ಎತ್ತಿಕೊಳ್ಳುವಿರಂತೆ" ಅಂದರು. ಪ್ರೀತಿಯಿಂದಲೇ ಹೇಳಿದ್ದು, ಯಾರದೂ ತಪ್ಪಲ್ಲ. ಆದರೆ ವಾಪಸ್ ಬರುವಾಗ ರೈಲಿನಲ್ಲಿ ಮನಸ್ಸು ತುಂಬಾ ಭಾರವಾಗಿತ್ತು. ನೆಂಟರ ಮಗುವನ್ನು ನೋಡಿಕೊಂಡು ಬಂದ ಹಾಗೆ ಅನಿಸಿತು.

ಇವತ್ತು ಅವಳು ಫೋನ್ ಮಾಡಿ ಅತ್ತಳು. ನೋಡಲು ಬಂದವರೆಲ್ಲ "ಹಾಲು ಸಾಲುತ್ತಾ?" ಅಂತಲೇ ಕೇಳುತ್ತಾರಂತೆ. ಸಂಜೆ ಆರರಿಂದ ರಾತ್ರಿ ಹತ್ತರವರೆಗೆ ಮಗು ಬಿಟ್ಟೂ ಬಿಡದೆ ಎದೆ ಹುಡುಕುತ್ತದೆ, ಅಳುತ್ತದೆ. ಹಾಲಿನ ಪುಡಿ ಡಬ್ಬಿ ತರಿಸಿಬಿಡಿ ಅಂತ ಮನೆಯಲ್ಲಿ ಮಾತು ಶುರುವಾಗಿದೆ. ಹುಟ್ಟಿದಾಗ ತೂಕ 2.9 ಕೆಜಿ. ಐದನೇ ದಿನ 2.68. ಏಳನೇ ದಿನ ಆಶಾ ಕಾರ್ಯಕರ್ತೆ ಬಂದು ತೂಗಿದಾಗ 2.74.

ಹಾಲು ಕುಡಿಸುವುದು ಅವಳ ಕೆಲಸ, ನೀನು ಯಾಕೆ ತಲೆ ಕೆಡಿಸಿಕೊಳ್ಳುತ್ತೀಯ ಅಂತ ಸ್ನೇಹಿತರು ಹೇಳುತ್ತಾರೆ. ನನಗೆ ಸುಮ್ನೆ ಕೂರಲು ಆಗುತ್ತಿಲ್ಲ. ಮೂರು ಗಂಟೆ ರೈಲಿನ ದೂರದಿಂದ ನಾನು ಏನು ಮಾಡಬಹುದು? ಅನುಭವ ಇದ್ದವರು ಹೇಳಿ.

ನಿವೃತ್ತ ಸಿಸ್ಟರ್ · ಮಂಗಳವಾರ, ಬೆಳಿಗ್ಗೆ 6:05

ನೋಡಪ್ಪಾ, ನನ್ನ ಮಗನ ವಯಸ್ಸಿನವನು ಅಂತ ಏಕವಚನದಲ್ಲೇ ಬರೆಯುತ್ತಿದ್ದೇನೆ. ಮೂವತ್ತೊಂದು ವರ್ಷ ಹೆರಿಗೆ ವಾರ್ಡಿನಲ್ಲಿ ಕೆಲಸ ಮಾಡಿದವಳು ನಾನು.

ಮೊದಲು ತೂಕದ ಮಾತು. ಹುಟ್ಟಿದ ಮೇಲೆ ಮೊದಲ ನಾಲ್ಕೈದು ದಿನ ಮಗುವಿನ ತೂಕ ಇಳಿಯುವುದು ಸಹಜ. ನೂರಕ್ಕೆ ಹತ್ತಕ್ಕಿಂತ ಜಾಸ್ತಿ ಇಳಿದರೆ ನಾವು ಎಚ್ಚರವಾಗುತ್ತೇವೆ. ನಿನ್ನ ಮಗು ಇಳಿದಿದ್ದು 220 ಗ್ರಾಂ. ನೂರಕ್ಕೆ ಎಂಟು ಕೂಡ ಆಗಲಿಲ್ಲ. ಆಮೇಲೆ ಎರಡೇ ದಿನಕ್ಕೆ 60 ಗ್ರಾಂ ಏರಿದೆ. ಹಾಲು ಹೊಟ್ಟೆಗೆ ಹೋಗದೆ ತೂಕ ಏರುವುದಿಲ್ಲ. ಇದನ್ನು ಇವತ್ತೇ ಅವಳಿಗೆ ಫೋನ್ ಮಾಡಿ ಹೇಳು. ಈ ಲೆಕ್ಕ ಹೇಳುವವರು ಆ ಮನೆಯಲ್ಲಿ ಯಾರೂ ಇಲ್ಲ, ಅದಕ್ಕೇ ಅವಳು ಅಳುತ್ತಿದ್ದಾಳೆ.

ಇನ್ನು ಸಂಜೆಯ ಅಳು. ಬಹಳ ಮಕ್ಕಳು ಸಂಜೆ ಹೊತ್ತು ಹೀಗೆ ಮೇಲಿಂದ ಮೇಲೆ ಕುಡಿಯುತ್ತವೆ. ಹಾಲು ಖಾಲಿಯಾಗಿದೆ ಅಂತ ಅಲ್ಲ. ಮಗು ಎಷ್ಟು ಚೀಪುತ್ತದೋ ಅಷ್ಟು ಹಾಲು ಉತ್ಪತ್ತಿಯಾಗುತ್ತದೆ. ಎದೆ ಖಾಲಿಯಾದಷ್ಟೂ ತುಂಬುತ್ತದೆ. ಇಂಥ ಹೊತ್ತಿನಲ್ಲಿ ಡಬ್ಬಿ ಹಾಲು ಕೊಟ್ಟರೆ ಮಗು ಎದೆ ಚೀಪುವುದು ಕಡಿಮೆಯಾಗುತ್ತದೆ, ಹಾಲೂ ಕಡಿಮೆಯಾಗುತ್ತದೆ. ಆಗ "ನೋಡಿ, ಹಾಲು ಸಾಲುತ್ತಿಲ್ಲ ಅಂತ ನಾವು ಹೇಳಿರಲಿಲ್ವಾ" ಅಂತಾರೆ. ನನ್ನ ಕಣ್ಣೆದುರು ಎಷ್ಟು ಮನೆಗಳಲ್ಲಿ ಹೀಗಾಯಿತೋ ಲೆಕ್ಕ ಇಲ್ಲ.

ಹಾಲು ಸಾಲುತ್ತದೋ ಇಲ್ಲವೋ ಎಂದು ತಿಳಿಯಲು ಬಟ್ಟೆ ಎಣಿಸಬೇಕು. ಐದನೇ ದಿನದ ನಂತರ 24 ಗಂಟೆಯಲ್ಲಿ ಆರು ಸಲವಾದರೂ ಮಗು ಉಚ್ಚೆ ಮಾಡಬೇಕು. ಮಲ ಹಳದಿಗೆ ತಿರುಗಿರಬೇಕು. ಆ ಲೆಕ್ಕವನ್ನು ನೀನು ಇಟ್ಟುಕೋ. ಅವಳು ಪ್ರತಿ ಸಲ ಒಂದು ಚುಕ್ಕೆ ಮೆಸೇಜ್ ಹಾಕಲಿ, ನೀನು ಬರೆದುಕೋ. ನಿದ್ದೆಗೆಟ್ಟ ಬಾಣಂತಿಗೆ ಎಣಿಕೆ ನೆನಪಿರುವುದಿಲ್ಲ. ಆರಕ್ಕಿಂತ ಕಡಿಮೆಯಾದರೆ, ಮಗು ಮಂಕಾಗಿ ಎಬ್ಬಿಸಿದರೂ ಕುಡಿಯದಿದ್ದರೆ, ಮೈ ಬಿಸಿಯಾದರೆ, ಕಣ್ಣು ಮೈ ಹಳದಿ ಜಾಸ್ತಿಯಾದರೆ, ಕಾಯಬೇಡಿ, ಅವತ್ತೇ ಡಾಕ್ಟರಿಗೆ ತೋರಿಸಿ.

ಆಶಾ ಕಾರ್ಯಕರ್ತೆ 3, 7, 14, 21, 28, 42ನೇ ದಿನ ಮನೆಗೆ ಬರಬೇಕು. ಆ ದಿನಗಳನ್ನು ನಿನ್ನ ಫೋನಿನಲ್ಲಿ ಗುರುತು ಹಾಕಿಕೋ. ಹದಿನಾಲ್ಕನೇ ದಿನದ ತೂಕ ಇಲ್ಲಿ ಬರೆ. ಹುಟ್ಟಿದ ತೂಕಕ್ಕೆ ಮರಳಿರುತ್ತದೆ ಅಂತ ನನ್ನ ನಂಬಿಕೆ.

ಬೆಣ್ಣೆದೋಸೆ ಊರಿನ ಅಕ್ಕ · ಮಂಗಳವಾರ, ಬೆಳಿಗ್ಗೆ 10:40

ಸಿಸ್ಟರ್ ಹೇಳಿದ್ದು ನೂರಕ್ಕೆ ನೂರು ನಿಜ. ನನ್ನ ಮೊದಲ ಮಗನಿಗೆ ಎರಡನೇ ತಿಂಗಳಲ್ಲೇ ಎದೆಹಾಲು ನಿಂತುಹೋಯಿತು. ಎರಡನೆಯವಳಿಗೆ ಎರಡು ವರ್ಷ ಕುಡಿಸಿದೆ. ಅದೇ ದೇಹ, ಅದೇ ತವರು, ಅದೇ ಸಬ್ಬಸಿಗೆ ಸೊಪ್ಪು, ಬೆಳ್ಳುಳ್ಳಿ, ಅಂಟಿನುಂಡೆ. ಏನು ಬದಲಾಯಿತು ಗೊತ್ತಾ? ಎರಡನೇ ಸಲ ಆಸ್ಪತ್ರೆಯಲ್ಲಿ ಸಿಸ್ಟರ್ ಬಂದು ಮಗುವನ್ನು ಎದೆಗೆ ಹಿಡಿಸುವುದು ಹೇಗೆ ಅಂತ ತೋರಿಸುವಾಗ ನಮ್ಮ ಯಜಮಾನರು ಪಕ್ಕದಲ್ಲೇ ನಿಂತು ನೋಡಿದ್ದರು. ಮೊದಲ ಸಲ "ನೀವು ಹೊರಗೆ ಹೋಗಿ" ಅಂದಿದ್ದರು, ಅವರು ಹೋಗಿದ್ದರು.

ಹೊಲಿಗೆ ನೋವು, ನಿದ್ದೆಯ ಮಂಪರು, ನನಗೆ ಹೇಳಿಕೊಟ್ಟಿದ್ದು ಒಂದೂ ತಲೆಯಲ್ಲಿ ನಿಂತಿರಲಿಲ್ಲ. ಅವರಿಗೆ ಎಲ್ಲ ನೆನಪಿತ್ತು. ಮಗುವಿನ ಬಾಯಿ ಅಗಲವಾಗಿ ತೆರೆಯುವವರೆಗೆ ಕಾಯಬೇಕು. ಬರೀ ತೊಟ್ಟು ಅಲ್ಲ, ಸುತ್ತಲಿನ ಕಪ್ಪು ಭಾಗವೂ ಬಾಯೊಳಗೆ ಹೋಗಬೇಕು. ಗಲ್ಲ ಎದೆಗೆ ತಾಗಬೇಕು. ಕೆಳತುಟಿ ಹೊರಕ್ಕೆ ಮಡಚಿರಬೇಕು. ಮಗುವಿನ ಹೊಟ್ಟೆ ನನ್ನ ಹೊಟ್ಟೆಗೆ ತಾಗಿರಬೇಕು. ನನಗೆ ಮೇಲಿನಿಂದ ನೋಡಿದರೆ ಕೆಳತುಟಿ ಕಾಣುತ್ತಿರಲಿಲ್ಲ. ಅವರು ಪಕ್ಕದಲ್ಲಿ ಕೂತು "ಇಲ್ಲ, ತುಟಿ ಒಳಗೆ ಹೋಗಿದೆ, ಬಿಡಿಸಿ ಮತ್ತೆ ಹಿಡಿಸು" ಅನ್ನುತ್ತಿದ್ದರು. ತೊಟ್ಟು ಒಡೆದು ರಕ್ತ ಬರುವ ಕಷ್ಟ ಎರಡನೇ ಸಲ ನನಗೆ ಬರಲೇ ಇಲ್ಲ.

ಸಿಸೇರಿಯನ್ ಆದವರಿಗೆ ಹೊಟ್ಟೆ ಮೇಲೆ ಮಗುವಿನ ಭಾರ ಬೀಳಬಾರದು. ಪಕ್ಕಕ್ಕೆ ಮಲಗಿ ಕುಡಿಸಬಹುದು. ಇಲ್ಲವಾದರೆ ಮಗುವನ್ನು ಕಂಕುಳಡಿ, ಕಾಲು ಹಿಂದಕ್ಕೆ ಬರುವ ಹಾಗೆ ದಿಂಬಿನ ಮೇಲೆ ಇಟ್ಟುಕೊಳ್ಳಬಹುದು. ದಿಂಬು ಸರಿಮಾಡುವುದಕ್ಕೆ ಇನ್ನೊಬ್ಬರು ಬೇಕೇ ಬೇಕು. ಶನಿವಾರ, ಭಾನುವಾರ ಆ ಇನ್ನೊಬ್ಬರು ನೀವೇ ಆಗಿ.

ಇನ್ನೊಂದು. "ಹಾಲು ಸಾಲುತ್ತಾ" ಅನ್ನುವ ಪ್ರಶ್ನೆ ಇದೆಯಲ್ಲ, ಅದು ಮೇಲ್ನೋಟಕ್ಕೆ ಸಣ್ಣದು. ದಿನಕ್ಕೆ ಹತ್ತು ಸಲ ಕೇಳಿಸಿಕೊಂಡರೆ ಬಾಣಂತಿ ಒಳಗೊಳಗೇ ಕುಗ್ಗಿಹೋಗುತ್ತಾಳೆ. ನಮ್ಮ ಯಜಮಾನರು ಬಾಗಿಲಲ್ಲೇ ನಿಂತು "ಚೆನ್ನಾಗಿ ಕುಡಿಯುತ್ತಿದೆ, ತೂಕ ಏರುತ್ತಿದೆ" ಅಂತ ನಾನು ಬಾಯಿ ತೆರೆಯುವ ಮೊದಲೇ ಹೇಳಿಬಿಡುತ್ತಿದ್ದರು. ಆ ಮಾತು ನನಗೆ ಎಷ್ಟು ಬಲ ಕೊಟ್ಟಿತು ಅಂತ ಅವರಿಗೆ ಇವತ್ತಿಗೂ ಪೂರ್ತಿ ಗೊತ್ತಿಲ್ಲ.

ಮೈಸೂರು ಅವಳಿ ಅಪ್ಪ · ಮಂಗಳವಾರ, ಮಧ್ಯಾಹ್ನ 1:15

ನನ್ನ ಅನುಭವ ಸ್ವಲ್ಪ ಬೇರೆ, ಬೇಜಾರು ಮಾಡಿಕೊಳ್ಳಬೇಡಿ. ನಮಗೆ ಅವಳಿ ಗಂಡು ಮಕ್ಕಳು. ರಾತ್ರಿ ಒಂದು ಹೊತ್ತು ನಾನು ಡಬ್ಬಿ ಹಾಲು ಕೊಡುತ್ತಿದ್ದೆ. ಅವಳು ನಾಲ್ಕು ಗಂಟೆ ಒಂದೇ ಸಮನೆ ನಿದ್ದೆ ಮಾಡುತ್ತಿದ್ದಳು. ಮಕ್ಕಳು ಚೆನ್ನಾಗೇ ಬೆಳೆದಿದ್ದಾರೆ. ಮಗುವಿಗೆ ಹಾಲು ಕುಡಿಸುವ ಸಂತೋಷ ನನಗೂ ಸಿಕ್ಕಿತು. ಅಪ್ಪ ಹತ್ತಿರವಾಗಬೇಕು ಅಂದರೆ ಒಂದು ಬಾಟಲ್ ಕೊಡುವುದರಲ್ಲಿ ಏನು ತಪ್ಪು?

ನಿವೃತ್ತ ಸಿಸ್ಟರ್ · ಮಂಗಳವಾರ, ಸಂಜೆ 4:30

ತಪ್ಪು ಅಂತ ಯಾಕೆ ಹೇಳಲಿ? ಅವಳಿ ಮಕ್ಕಳಿಗೆ ಡಾಕ್ಟರ್ ಹೇಳಿ ಕೊಟ್ಟಿರುತ್ತೀರಿ. ಎಷ್ಟೋ ತಾಯಂದಿರಿಗೆ ಹಾಗೆ ಕೊಡಬೇಕಾಗುತ್ತದೆ, ಅವರು ತಲೆ ತಗ್ಗಿಸಬೇಕಾಗಿಲ್ಲ. ನಾನು ಹೇಳುವುದು ತೂಕ ಏರುತ್ತಿರುವ ಒಂಬತ್ತು ದಿನದ ಮಗುವಿನ ಬಗ್ಗೆ. ರಾತ್ರಿ ಹೊತ್ತು ಮಗು ಚೀಪಿದಾಗ ಹಾಲು ತರಿಸುವ ಪ್ರೊಲ್ಯಾಕ್ಟಿನ್ ಹಾರ್ಮೋನು ಜಾಸ್ತಿ ಬರುತ್ತದೆ. ಮೊದಲ ವಾರಗಳಲ್ಲೇ ರಾತ್ರಿಯ ಹಾಲು ತಪ್ಪಿಸಿದರೆ ಎದೆಯೂ ಕಟ್ಟಿಕೊಳ್ಳುತ್ತದೆ, ಮುಂದಕ್ಕೆ ಹಾಲೂ ಇಳಿಯುತ್ತದೆ.

ಅಪ್ಪನೇ ಕುಡಿಸಬೇಕು ಅಂತ ಆಸೆ ಇದ್ದರೆ ತಾಯಿಯ ಹಾಲು ಸರಿಯಾಗಿ ನೆಲೆಗೊಂಡ ಮೇಲೆ, ಅಂದರೆ ಒಂದು ತಿಂಗಳು ಕಳೆದ ಮೇಲೆ, ಅವಳದೇ ಹಾಲು ಹಿಂಡಿ ಒಳಲೆಯಲ್ಲಿ, ಅಂದರೆ ಮಗುವಿಗೆ ಹಾಲು ಕುಡಿಸುವ ಮೂತಿಯಿರುವ ಪುಟ್ಟ ಬಟ್ಟಲಿನಲ್ಲಿ, ಕುಡಿಸಿ. ಹಿಂಡಿದ ಹಾಲನ್ನು ಹೊರಗೆ 4 ಗಂಟೆ, ಫ್ರಿಜ್‌ನಲ್ಲಿ 24 ಗಂಟೆ ಇಡಬಹುದು ಅಂತ ನಾವು ವಾರ್ಡಿನಲ್ಲಿ ಹೇಳಿಕೊಡುತ್ತಿದ್ದೆವು. ಒಲೆ ಮೇಲೆ ಇಟ್ಟು ಕಾಯಿಸಬಾರದು. ಬಟ್ಟಲನ್ನು ಬಿಸಿ ನೀರಿನಲ್ಲಿ ಇಟ್ಟರೆ ಸಾಕು. ಒಳಲೆಯ ಮೂತಿಯನ್ನು ತುಟಿಗೆ ತಾಗಿಸಿ, ಮಗು ತಾನಾಗಿ ನೆಕ್ಕಿ ಕುಡಿಯಲು ಬಿಡಿ. ಗಂಟಲಿಗೆ ಸುರಿಯಬೇಡಿ.

ಜೊತೆಗೆ ಒಂದು ವಿಷಯ ತಿಳಿದಿರಲಿ. ನಮ್ಮ ದೇಶದಲ್ಲಿ ಎರಡು ವರ್ಷದೊಳಗಿನ ಮಕ್ಕಳ ಹಾಲಿನ ಪುಡಿಗೆ ಜಾಹೀರಾತು ಕೊಡುವ ಹಾಗಿಲ್ಲ, ಪುಕ್ಕಟೆ ಡಬ್ಬಿ ಹಂಚುವ ಹಾಗಿಲ್ಲ. 1992ರ ಕಾನೂನು ಇದೆ, 2003ರಲ್ಲಿ ಅದನ್ನು ಇನ್ನೂ ಬಿಗಿ ಮಾಡಿದರು. ಯಾರಾದರೂ ಮೇಲೆ ಬಿದ್ದು ಡಬ್ಬಿ ಕೊಟ್ಟರೆ ಬೇಡ ಅನ್ನಲು ನಿಮಗೆ ಹಕ್ಕಿದೆ.

ಹೆಸರು ಬೇಡ · ಮಂಗಳವಾರ, ರಾತ್ರಿ 9:50

ನನಗೆ ಹಾಲು ಬರಲೇ ಇಲ್ಲ. ಹೆರಿಗೆಯಲ್ಲಿ ತುಂಬಾ ರಕ್ತ ಹೋಗಿತ್ತು. ಎಲ್ಲ ಪ್ರಯತ್ನ ಮಾಡಿದೆವು. ಕೊನೆಗೆ ಡಾಕ್ಟರೇ ಡಬ್ಬಿ ಹಾಲು ಬರೆದುಕೊಟ್ಟರು. ಇಲ್ಲಿ ಓದುವ ಅಪ್ಪಂದಿರಿಗೆ ಒಂದೇ ಮಾತು. ಹೆಂಡತಿಗೆ ಸಾಧ್ಯವಾದರೆ ಜೊತೆ ನಿಲ್ಲಿ. ಸಾಧ್ಯವಾಗದಿದ್ದರೂ ಜೊತೆ ನಿಲ್ಲಿ. ನನ್ನ ಗಂಡ ಅವತ್ತು "ಮಗುವಿನ ಹೊಟ್ಟೆ ತುಂಬಿತು ಅಲ್ವಾ, ಈಗ ನೀನು ಊಟ ಮಾಡು" ಅಂತ ತಟ್ಟೆ ತಂದಿಟ್ಟರು. ಬೇರೆ ಏನೂ ಹೇಳಲಿಲ್ಲ. ನನಗೆ ಅಷ್ಟೇ ಬೇಕಾಗಿತ್ತು.

ಮೈಸೂರು ಅವಳಿ ಅಪ್ಪ · ಮಂಗಳವಾರ, ರಾತ್ರಿ 10:30

ಹೆಸರು ಹೇಳದ ಅಕ್ಕ, ನಿಮ್ಮ ಮಾತು ಓದಿ ಹೆಂಡತಿಗೂ ತೋರಿಸಿದೆ. ಸಿಸ್ಟರ್, ನೀವು ಹೇಳಿದ್ದು ಸರಿ. ನಮಗೂ ಡಾಕ್ಟರೇ ಹೇಳಿದ್ದರು, ಅದನ್ನು ಬರೆಯದೆ ಬಿಟ್ಟಿದ್ದೆ.

ಕೊಪ್ಪಳ ಸೀಮೆಯ ಮೇಷ್ಟ್ರು · ಬುಧವಾರ, ಬೆಳಿಗ್ಗೆ 7:00

ನಮ್ಮ ಮಗ ಎಂಟನೇ ತಿಂಗಳಿಗೇ ಹುಟ್ಟಿದ. ತೂಕ 1,650 ಗ್ರಾಂ. ಅವಳಿಗೆ ಬಿಪಿ ಏರಿ ಬೇರೆ ವಾರ್ಡಿನಲ್ಲಿ ಇಟ್ಟಿದ್ದರು. ಮಗು ನವಜಾತ ಶಿಶುಗಳ ಘಟಕದಲ್ಲಿ. ನಾನು ಎರಡರ ನಡುವೆ ಓಡಾಡುತ್ತಿದ್ದೆ. ಅವಳು ಹಿಂಡಿಕೊಟ್ಟ ಹಾಲು ಸ್ಟೀಲ್ ಬಟ್ಟಲಿನ ತಳವನ್ನೂ ಮುಚ್ಚುತ್ತಿರಲಿಲ್ಲ, ಹಳದಿ ಬಣ್ಣ. ಅದನ್ನು ಮುಚ್ಚಿಕೊಂಡು ಎರಡು ಮಹಡಿ ಇಳಿದು ಒಯ್ಯುವಾಗ ಕೈ ನಡುಗುತ್ತಿತ್ತು. ಮೊದಲ ಹಾಲು ಚೆಲ್ಲಬಾರದು, ಅದರಲ್ಲಿ ರೋಗ ತಡೆಯುವ ಶಕ್ತಿ ಇದೆ ಅಂತ ಸಿಸ್ಟರ್ ಹೇಳಿದ್ದರು.

ಎರಡನೇ ದಿನ ಅವರು "ಮೇಷ್ಟ್ರೇ, ಅಂಗಿ ಬಿಚ್ಚಿ" ಅಂದರು. ನನಗೆ ಅರ್ಥವೇ ಆಗಲಿಲ್ಲ. ಕುರ್ಚಿಯಲ್ಲಿ ಒರಗಿ ಕೂರಿಸಿ, ಟೋಪಿ, ಕಾಲುಚೀಲ, ಲಂಗೋಟಿ ಬಿಟ್ಟು ಬೇರೇನೂ ಇಲ್ಲದ ಮಗುವನ್ನು ನನ್ನ ಬರಿ ಎದೆಯ ಮೇಲೆ ನೆಟ್ಟಗೆ ಮಲಗಿಸಿದರು. ತಲೆ ಒಂದು ಪಕ್ಕಕ್ಕೆ. ಕಪ್ಪೆಯ ಹಾಗೆ ಕೈ ಕಾಲು ಮಡಚಿ. ಮೇಲೆ ಬಟ್ಟೆ ಬಿಗಿದು ಕಟ್ಟಿದರು. ಇದಕ್ಕೆ ಕಾಂಗರೂ ಆರೈಕೆ ಅನ್ನುತ್ತಾರೆ. 1978ರಲ್ಲಿ ಕೊಲಂಬಿಯಾದ ಬೊಗೊಟಾದಲ್ಲಿ, ಮಕ್ಕಳನ್ನು ಬೆಚ್ಚಗಿಡುವ ಪೆಟ್ಟಿಗೆಗಳು ಸಾಲದೇ ಹೋದಾಗ ಅಲ್ಲಿನ ಡಾಕ್ಟರುಗಳು ಶುರು ಮಾಡಿದ ಪದ್ಧತಿಯಂತೆ. ನಮ್ಮ ಕೊಪ್ಪಳ ಜಿಲ್ಲೆಯಲ್ಲಿ ಇದನ್ನು ಊರೂರಿಗೆ ತಲುಪಿಸುವ ಕೆಲಸವನ್ನು ಸರ್ಕಾರ ಮತ್ತು ಬೆಂಗಳೂರಿನ ಸೇಂಟ್ ಜಾನ್ಸ್ ಸಂಶೋಧನಾ ಸಂಸ್ಥೆ ಸೇರಿ ಮಾಡಿವೆ. 2021ರಲ್ಲಿ ಬಂದ ಒಂದು ದೊಡ್ಡ ಅಧ್ಯಯನ, ಭಾರತವೂ ಸೇರಿ ಐದು ದೇಶಗಳಲ್ಲಿ ನಡೆದದ್ದು, ಹುಟ್ಟಿದ ಕೂಡಲೇ ಕಾಂಗರೂ ಆರೈಕೆ ಶುರು ಮಾಡಿದರೆ ಕಡಿಮೆ ತೂಕದ ಮಕ್ಕಳ ಸಾವು ಕಾಲು ಭಾಗದಷ್ಟು ಇಳಿಯುತ್ತದೆ ಅಂತ ತೋರಿಸಿತು.

ಅರ್ಧ ಗಂಟೆ ಕಳೆದ ಮೇಲೆ ಅವನ ಉಸಿರು ನನ್ನ ಉಸಿರಿನ ಜೊತೆ ನಿಧಾನವಾದ ಹಾಗೆ ಅನಿಸಿತು. ಒಂದು ಗಂಟೆ ಅಲುಗಾಡದೆ ಕೂತಿದ್ದೆ. ಹನ್ನೊಂದು ದಿನ ಹೀಗೇ ಕೂತೆ. ಅವಳು ಓಡಾಡುವಂತಾದ ಮೇಲೆ ಸರದಿ ಹಂಚಿಕೊಂಡೆವು. ಈಗ ಅವನು ಎರಡನೇ ಕ್ಲಾಸ್. ಜ್ವರ ಬಂದರೆ ಇವತ್ತಿಗೂ ನನ್ನ ಎದೆಯ ಮೇಲೇ ಬಂದು ಮಲಗುತ್ತಾನೆ.

ಶನಿವಾರದ ಅಪ್ಪ ಅವರೇ, ತುಂಬಿದ ತಿಂಗಳಿಗೆ ಹುಟ್ಟಿದ ಮಗುವಿಗೂ ಹೀಗೆ ಮೈಗೆ ಮೈ ತಾಗಿಸಿ ಮಲಗಿಸಿಕೊಳ್ಳಬಹುದು. ಎದೆ ಶುಚಿಯಾಗಿರಲಿ, ಬೀಡಿ ಸಿಗರೇಟು ಬೇಡ. ನೀವು ಎಚ್ಚರವಾಗಿರಬೇಕು. ನಿದ್ದೆ ಬಂದರೆ ಮಗುವನ್ನು ಬೇರೆ ಮಲಗಿಸಿ.

ಶನಿವಾರದ ಅಪ್ಪ · ಬುಧವಾರ, ರಾತ್ರಿ 11:45

ಮೇಷ್ಟ್ರೇ, ನಿಮ್ಮದನ್ನು ಮೂರು ಸಲ ಓದಿದೆ. ಸಿಸ್ಟರ್ ಹೇಳಿದ ತೂಕದ ಲೆಕ್ಕ ಅವಳಿಗೆ ಹೇಳಿದೆ. ಎರಡು ನಿಮಿಷ ಸುಮ್ಮನಿದ್ದು "ಹಾಗಾದರೆ ನನ್ನಲ್ಲಿ ಹಾಲು ಇದೆ" ಅಂದಳು. ನಿನ್ನೆಯಿಂದ ಇವತ್ತಿಗೆ ಚುಕ್ಕೆ ಎಂಟು.

ಒಂದು ಕಷ್ಟ ಇದೆ. ಬಾಣಂತಿ ಜಾಸ್ತಿ ನೀರು ಕುಡಿದರೆ ಹೊಟ್ಟೆ ಬರುತ್ತದೆ ಅಂತ ಅವಳಿಗೆ ನೀರು ಅಳತೆ ಮಾಡಿ ಕೊಡುತ್ತಾರೆ. ಕೋಣೆಯಲ್ಲಿ ಸಂಜೆ ಕೆಂಡ, ಸಾಂಬ್ರಾಣಿ. ಮಗುವಿಗೆ ಜೇನುತುಪ್ಪ ನೆಕ್ಕಿಸುವ ಮಾತೂ ಇದೆ. ಅತ್ತೆ ನನ್ನ ಹೆಂಡತಿಗಾಗಿ ಹಗಲು ರಾತ್ರಿ ದುಡಿಯುತ್ತಿದ್ದಾರೆ. ಅವರ ಮನಸ್ಸು ನೋಯಿಸಲು ನನಗೆ ಇಷ್ಟ ಇಲ್ಲ. ಹೇಗೆ ಹೇಳುವುದು?

ತಿಪಟೂರು ಅಜ್ಜಿ · ಗುರುವಾರ, ಬೆಳಿಗ್ಗೆ 9:10

ಮೊಮ್ಮಗಳ ಕೈಲಿ ಬರೆಸುತ್ತಿದ್ದೇನೆ. ನಾನು ಆರು ಬಾಣಂತನ ಮಾಡಿದವಳು. ನಿನ್ನ ಅತ್ತೆ ಜಾಗದಲ್ಲಿ ನಾನಿದ್ದರೆ, ಅಳಿಯ ಫೋನ್ ನೋಡಿಕೊಂಡು ಪಾಠ ಹೇಳಿದರೆ ನನಗೂ ನೋವಾಗುತ್ತದೆ. ಅದೇ ಅಳಿಯ ಅಂಗಿ ತೋಳು ಮಡಚಿಕೊಂಡು ಬಂದು "ಅತ್ತೆ, ಮಗುವಿಗೆ ನೀರು ಹಾಕುವುದು ನನಗೂ ಕಲಿಸಿಕೊಡಿ" ಅಂದರೆ ಕರಗಿಹೋಗುತ್ತೇನೆ. ಮೊದಲು ಕಲಿ. ಕಾಲು ಚಾಚಿ ಕೂತು ಮೊಣಕಾಲ ಮೇಲೆ ಮಗುವನ್ನು ಮಲಗಿಸಿಕೊಳ್ಳುವುದು ಹೇಗೆ, ಕತ್ತಿಗೆ ಕೈ ಹೇಗೆ ಕೊಡುವುದು, ಎಲ್ಲ ಕೇಳು. ಎರಡು ಸಲ ಜೊತೆಗೆ ಕೆಲಸ ಮಾಡಿದ ಮೇಲೆ ನಿನ್ನ ಮಾತು ಮಗಳ ಗಂಡನ ಮಾತಾಗಿರುವುದಿಲ್ಲ, ಮನೆ ಮಗನ ಮಾತಾಗಿರುತ್ತದೆ.

ನೀರಿನ ವಿಷಯ ನಾವೂ ಹಾಗೇ ಮಾಡಿದವರು. ನನ್ನ ಕೊನೇ ಮಗಳ ಬಾಣಂತನದಲ್ಲಿ ಡಾಕ್ಟರಮ್ಮ ಹೇಳಿದ ಮೇಲೆ ಬಿಟ್ಟೆ. ಕಾದಾರಿದ ನೀರು ಚೊಂಬಿನಲ್ಲಿ ತುಂಬಿ, ಅವಳು ಹಾಲು ಕುಡಿಸಲು ಕೂತಾಗಲೆಲ್ಲ ಪಕ್ಕದಲ್ಲಿ ಇಡು. ಬಾಯಾರಿಕೆ ಅವಳಿಗೇ ಗೊತ್ತಾಗುತ್ತದೆ.

ಇನ್ನೊಂದು ಹೇಳಲೇಬೇಕು. ನಮ್ಮ ಯಜಮಾನರು ನನ್ನ ಹಿರಿ ಮಗನನ್ನು ಎತ್ತಿಕೊಂಡಿದ್ದು ಮೂರು ತಿಂಗಳಾದ ಮೇಲೆ. ದೊಡ್ಡವರ ಮುಂದೆ ಗಂಡಸು ಮಗು ಎತ್ತುವ ಹಾಗಿರಲಿಲ್ಲ. ಅವರಿಗೆ ಎಪ್ಪತ್ತು ದಾಟಿದ ಮೇಲೆ ಒಂದು ದಿನ, ಮರಿಮಗುವನ್ನು ತೊಡೆ ಮೇಲೆ ಇಟ್ಟುಕೊಂಡು "ಅವನು ಇಷ್ಟು ಚಿಕ್ಕವನಿದ್ದಾಗ ಹೇಗಿದ್ದ ಅಂತ ನನಗೆ ಗೊತ್ತೇ ಇಲ್ಲ ನೋಡು" ಅಂದರು. ನೀನು ಹಾಗೆ ಮಾಡಿಕೊಳ್ಳಬೇಡ ಮಗಾ.

ನಿವೃತ್ತ ಸಿಸ್ಟರ್ · ಗುರುವಾರ, ಬೆಳಿಗ್ಗೆ 9:55

ಅಮ್ಮ, ನಿಮಗೆ ನಮಸ್ಕಾರ. ಇದಕ್ಕಿಂತ ಚೆನ್ನಾಗಿ ಹೇಳಲು ನನಗೆ ಬರುವುದಿಲ್ಲ.

ಎರಡು ವಿಷಯದಲ್ಲಿ ಮಾತ್ರ ಗಟ್ಟಿಯಾಗಿ ನಿಲ್ಲಪ್ಪಾ. ಜೇನುತುಪ್ಪ ಒಂದು ವರ್ಷದವರೆಗೆ ಬೇಡವೇ ಬೇಡ. ಅದರಲ್ಲಿ ಇರಬಹುದಾದ ಒಂದು ಸೂಕ್ಷ್ಮಾಣು ಎಳೆ ಮಗುವಿನ ಕರುಳಿನಲ್ಲಿ ವಿಷ ಮಾಡುತ್ತದೆ. ಆರು ತಿಂಗಳು ಎದೆಹಾಲು ಮಾತ್ರ. ಸಕ್ಕರೆ ನೀರು, ಕತ್ತೆ ಹಾಲು, ಗ್ರೈಪ್ ವಾಟರ್, ಬಜೆ ತೇಯ್ದಿದ್ದು ಯಾವುದೂ ಬೇಡ. ಬೇಸಿಗೆಯಲ್ಲೂ ನೀರು ಬೇಡ, ಎದೆಹಾಲಿನಲ್ಲೇ ಬೇಕಾದಷ್ಟು ನೀರಿದೆ. ಡಾಕ್ಟರ್ ಬರೆದುಕೊಟ್ಟ ವಿಟಮಿನ್ ಡಿ ಹನಿ ಮಾತ್ರ ದಿನಾ ಹಾಕಬೇಕು, ಅದನ್ನು ನೀನು ಫೋನ್ ಮಾಡಿ ನೆನಪಿಸು. ಇನ್ನೊಂದು ಹೊಗೆ. ಕೆಂಡ ಇರುವ ಕೋಣೆಯಲ್ಲಿ ಮಗು ಇರಬಾರದು, ಅದರ ಉಸಿರಿನ ದಾರಿ ಬಹಳ ಕಿರಿದು.

ಉಳಿದಿದ್ದು, ತಲೆಗೆ ಬಟ್ಟೆ, ಕಿವಿಗೆ ಹತ್ತಿ, ಮೆಂತ್ಯ, ಬೆಳ್ಳುಳ್ಳಿ, ಬಿಸಿನೀರು, ಅದಕ್ಕೆಲ್ಲ ವಾದ ಬೇಡ. ಅದರಿಂದ ಕೆಡುಕಿಲ್ಲ. ಅದರಲ್ಲಿ ಅಮ್ಮನ ಪ್ರೀತಿ ಇದೆ.

ಗೊಥೆನ್‌ಬರ್ಗ್ ಕನ್ನಡಿಗ · ಗುರುವಾರ, ರಾತ್ರಿ 10:20

ನಮ್ಮದು ಸ್ವೀಡನ್‌ನಲ್ಲಿ ಹೆರಿಗೆ. ಅತ್ತೆಗೂ ಅಮ್ಮನಿಗೂ ವೀಸಾ ಸಮಯಕ್ಕೆ ಬರಲಿಲ್ಲ. ಹಾಗಾಗಿ ಇಡೀ ಬಾಣಂತನ ನಾನೇ ಮಾಡಿದೆ. ಅಮ್ಮ ವಿಡಿಯೋದಲ್ಲಿ ಹೇಳುವುದು, ನಾನು ಮಾಡುವುದು. ಬಾಣಂತಿ ಖಾರ ಪಾರ್ಸಲ್‌ನಲ್ಲಿ ಬಂತು. ಇಲ್ಲಿ ತಾಯಿ, ತಂದೆ ಸೇರಿ ಒಂದು ಮಗುವಿಗೆ 480 ದಿನ ರಜೆಯ ಭತ್ಯೆ ಸಿಗುತ್ತದೆ. ಅದರಲ್ಲಿ 90 ದಿನ ತಂದೆಗೇ ಮೀಸಲು, ತಾಯಿಗೆ ಬಿಟ್ಟುಕೊಡುವ ಹಾಗಿಲ್ಲ. ಹೆರಿಗೆ ಹೊತ್ತಿನ 10 ದಿನ ಬೇರೆ. 1974ರಿಂದಲೇ ಇಲ್ಲಿ ಅಪ್ಪಂದಿರಿಗೂ ರಜೆ ಇದೆ. ನಮ್ಮಲ್ಲಿ ತಾಯಿಗೆ 26 ವಾರ ಕೊಡುವ ಕಾನೂನು 2017ರಲ್ಲಿ ಬಂತು, ತಂದೆಗೆ ಖಾಸಗಿ ಕೆಲಸದಲ್ಲಿ ಕಾನೂನಿನ ಪ್ರಕಾರ ಒಂದು ದಿನವೂ ಇಲ್ಲ. ನೀವು ಐದು ದಿನ ಅಂತ ಬರೆದಿದ್ದನ್ನು ಓದಿ ಬಹಳ ಬೇಸರವಾಯಿತು.

ನಾನು ಕಲಿತಿದ್ದು ಇಷ್ಟು. ಮಗು ಅಳುವುದು ಹಸಿವಿನ ಕೊನೆಯ ಗುರುತು. ಅದಕ್ಕೂ ಮುಂಚೆ ತಲೆ ಆ ಕಡೆ ಈ ಕಡೆ ತಿರುಗಿಸುತ್ತದೆ, ತುಟಿ ಚಪ್ಪರಿಸುತ್ತದೆ, ಕೈ ಬಾಯಿಗೆ ಒಯ್ಯುತ್ತದೆ. ಆ ಹೊತ್ತಿಗೇ ನಾನು ಎತ್ತಿ ಅವಳ ಪಕ್ಕಕ್ಕೆ ಕೊಡುತ್ತಿದ್ದೆ. ಸಮಾಧಾನವಾಗಿರುವ ಮಗು ಚೆನ್ನಾಗಿ ಎದೆ ಹಿಡಿಯುತ್ತದೆ. ಕುಡಿದ ಮೇಲೆ ಹೆಗಲಿಗೆ ಹಾಕಿಕೊಂಡು ತೇಗು ಬರಿಸುವುದು, ಬಟ್ಟೆ ಬದಲಿಸುವುದು, ಮಲಗಿಸುವುದು ನನ್ನ ಪಾಲು. ಅವಳದು ಹಾಲು ಮಾತ್ರ. ದಿನಕ್ಕೆ ಎಂಟರಿಂದ ಹನ್ನೆರಡು ಸಲ ಹೀಗೆ. ಮಗು ನನ್ನ ಹೆಗಲನ್ನು ಗುರುತು ಹಿಡಿದಿದ್ದು ಆ ತೇಗು ಬರಿಸುವ ಹೊತ್ತಿನಲ್ಲೇ.

ಅಪ್ಪನ ದೇಹವೂ ಬದಲಾಗುತ್ತದೆ. ಫಿಲಿಪೀನ್ಸ್‌ನ ಸೆಬುವಿನಲ್ಲಿ ಆರುನೂರಕ್ಕೂ ಜಾಸ್ತಿ ಯುವಕರನ್ನು ನಾಲ್ಕೈದು ವರ್ಷ ಗಮನಿಸಿದ ಅಧ್ಯಯನ 2011ರಲ್ಲಿ ಬಂತು. ಅಪ್ಪಂದಿರಾದವರಲ್ಲಿ ಗಂಡಸಿನ ಹಾರ್ಮೋನು ಟೆಸ್ಟೋಸ್ಟಿರಾನ್ ಇಳಿದಿತ್ತು. ದಿನಕ್ಕೆ ಮೂರು ಗಂಟೆಗೂ ಜಾಸ್ತಿ ಮಗುವನ್ನು ನೋಡಿಕೊಳ್ಳುವವರಲ್ಲಿ ಅದು ಇನ್ನೂ ಕಡಿಮೆ ಇತ್ತು. ಮಗುವನ್ನು ನೋಡಿಕೊಳ್ಳುವುದು ಗಂಡಸಿನ ಸ್ವಭಾವದಲ್ಲೇ ಇಲ್ಲ ಅಂತ ಯಾರಾದರೂ ಹೇಳಿದರೆ ನನಗೆ ಇದು ನೆನಪಾಗುತ್ತದೆ.

ಹಾವೇರಿ ಕಡೆಯ ರೈತ · ಶುಕ್ರವಾರ, ಬೆಳಿಗ್ಗೆ 5:30

ಅಣ್ಣಾರ ನಮಸ್ಕಾರ. ನಿಮ್ಮ ರಜೆ ಮಾತಿಗೆ ಒಂದು ಹೇಳುತ್ತೇನೆ. ತವರಿನಲ್ಲಿ ಅವಳಿಗೆ ನಾಲ್ಕು ಜನ ಇರುತ್ತಾರೆ. ಮೂರನೇ ತಿಂಗಳೋ ಐದನೇ ತಿಂಗಳೋ ನಿಮ್ಮ ಮನೆಗೆ ಬಂದ ದಿನ ಯಾರೂ ಇರುವುದಿಲ್ಲ. ಅಡುಗೆ, ಪಾತ್ರೆ, ಮಗು ಎಲ್ಲ ಒಮ್ಮೆಲೇ ತಲೆ ಮೇಲೆ ಬೀಳುತ್ತದೆ. ನನ್ನ ಹೆಂಡತಿಗೆ ಹಾಲು ಕಡಿಮೆಯಾಗಿದ್ದು ಆಗಲೇ. ನಾನು ಬಿತ್ತನೆಯಲ್ಲಿದ್ದೆ, ಗಮನಿಸಲಿಲ್ಲ. ಆ ನೋವು ಇನ್ನೂ ಇದೆ. ಉಳಿದ ರಜೆ ಇದ್ದರೆ ಆ ಹೊತ್ತಿಗೆ ಇಟ್ಟುಕೊಳ್ಳಿ.

ಬೆಣ್ಣೆದೋಸೆ ಊರಿನ ಅಕ್ಕ · ಶುಕ್ರವಾರ, ಬೆಳಿಗ್ಗೆ 11:00

ಬಹಳ ಒಳ್ಳೆಯ ಮಾತು ಅಣ್ಣಾ. ಕೇಂದ್ರ ಸರ್ಕಾರಿ ಕೆಲಸದಲ್ಲಿರುವವರು ಇದನ್ನು ಓದುತ್ತಿದ್ದರೆ ತಿಳಿದಿರಲಿ. ಎರಡಕ್ಕಿಂತ ಕಡಿಮೆ ಮಕ್ಕಳಿರುವ ಅಪ್ಪಂದಿರಿಗೆ 15 ದಿನದ ರಜೆ ಇದೆ, ಅದನ್ನು ಹೆರಿಗೆಯಾದ ಆರು ತಿಂಗಳೊಳಗೆ ತೆಗೆದುಕೊಳ್ಳಬಹುದು. ಹೆರಿಗೆ ದಿನವೇ ಮುಗಿಸಬೇಕಾಗಿಲ್ಲ.

ಒಬ್ಬ ಗಂಡ · ಶುಕ್ರವಾರ, ರಾತ್ರಿ 12:40

ಈ ಚರ್ಚೆಯಲ್ಲಿ ಯಾರೂ ಹೇಳದ ಒಂದು ವಿಷಯ ಹೇಳುತ್ತೇನೆ. ನನ್ನ ಹೆಂಡತಿ ಹೆರಿಗೆಯಾದ ಎರಡನೇ ವಾರದಿಂದ ನಿದ್ದೆಯನ್ನೇ ಬಿಟ್ಟಳು. ಮಗು ತನ್ನದಲ್ಲ ಅಂದಳು. ಯಾರೋ ಮಗುವನ್ನು ಕದಿಯಲು ಬರುತ್ತಾರೆ ಅಂತ ಬಾಗಿಲು ಹಾಕಿಕೊಂಡಳು. ಮನೆಯವರು ಗಾಳಿ ಸೋಕಿದೆ ಅಂತ ಆರು ದಿನ ತಾಯತ, ದೇವಸ್ಥಾನ ಅಂತ ಓಡಾಡಿದರು. ಅದು ಬಾಣಂತಿ ಸನ್ನಿ. ಕಾಯಿಲೆ. ಔಷಧಿಯಿಂದ ವಾಸಿಯಾಗುತ್ತದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 2009ರಿಂದ ತಾಯಿ ಮತ್ತು ಮಗುವನ್ನು ಒಟ್ಟಿಗೇ ಇಟ್ಟುಕೊಂಡು ನೋಡುವ ವಿಭಾಗವೇ ಇದೆ. ಅವಳು ವಾಸಿಯಾದಳು.

ಅಷ್ಟು ದೊಡ್ಡದಲ್ಲದಿದ್ದರೂ, ಎರಡು ವಾರ ಕಳೆದರೂ ಅಳು ನಿಲ್ಲದಿದ್ದರೆ, ಮಗುವಿನ ಮೇಲೆ ಮನಸ್ಸೇ ಬರುತ್ತಿಲ್ಲ ಅಂದರೆ, ಡಾಕ್ಟರಿಗೆ ಹೇಳಿ. 14416ಕ್ಕೆ ಫೋನ್ ಮಾಡಿ, ಟೆಲಿ ಮಾನಸ್, ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ. ಅಪ್ಪಂದಿರೂ ಮಾಡಬಹುದು. ದೂರದಲ್ಲಿರುವ ಗಂಡ ದಿನಾ ಫೋನ್ ಮಾಡಿ ಮಗು ಹೇಗಿದೆ ಅಂತ ಕೇಳುತ್ತಾನೆ. ನೀನು ಹೇಗಿದ್ದೀಯ, ನಿದ್ದೆ ಬಂತಾ ಅಂತಲೂ ಕೇಳಿ.

ಶನಿವಾರದ ಅಪ್ಪ · ಮುಂದಿನ ಭಾನುವಾರ, ರಾತ್ರಿ 10:15

ಹದಿನಾಲ್ಕನೇ ದಿನದ ತೂಕ 2.92 ಕೆಜಿ. ಸಿಸ್ಟರ್, ನಿಮಗೆ ಮೊದಲು ಹೇಳಬೇಕು ಅಂತ ರೈಲಿನಿಂದಲೇ ಬರೆಯುತ್ತಿದ್ದೇನೆ.

ಅಜ್ಜಿ ಹೇಳಿದ ಹಾಗೆ ಅತ್ತೆಯ ಮುಂದೆ ಕೂತು ಕಲಿಸಿ ಅಂದೆ. ಮೊದಲು ನಕ್ಕರು. ಆಮೇಲೆ ಹಳೆ ಪಂಚೆ ಸುತ್ತಿಕೊಳ್ಳಿ ಅಂದರು. ಅವರು ನೀರು ಹುಯ್ದರು, ನಾನು ಕತ್ತು ಹಿಡಿದೆ. ಇವತ್ತು ಎರಡನೇ ಸಲ ನಾನೇ ಮೈ ಒರೆಸಿ ಬಟ್ಟೆ ಸುತ್ತಿದೆ. ಸುತ್ತಿದ್ದು ನನ್ನದೇ ಹಳೇ ಬಿಳಿ ಪಂಚೆಯ ತುಂಡು, ಒಗೆದು ಒಗೆದು ಹತ್ತಿಯ ಹಾಗೆ ಆಗಿದೆ. ಮಧ್ಯಾಹ್ನ ಕೋಣೆಯಲ್ಲಿ ಅಂಗಿ ಬಿಚ್ಚಿ ಮುಕ್ಕಾಲು ಗಂಟೆ ಎದೆ ಮೇಲೆ ಮಲಗಿಸಿಕೊಂಡೆ. ಹೆಂಡತಿ ಅಷ್ಟು ಹೊತ್ತೂ ನಿದ್ದೆ ಮಾಡಿದಳು. ಬಾಗಿಲು ಅರ್ಧ ಮುಚ್ಚಿತ್ತು, ಈ ಸಲ ನಾನು ಒಳಗಿದ್ದೆ.

ಸಾಂಬ್ರಾಣಿ ಈಗ ನಡುಮನೆಗೆ ಬಂದಿದೆ. ಜೇನುತುಪ್ಪ ಬೇಡ ಅಂದಾಗ ಅತ್ತೆ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಶಾ ಕಾರ್ಯಕರ್ತೆಯೂ ಅದನ್ನೇ ಹೇಳಿದ ಮೇಲೆ ಒಪ್ಪಿದರು. ಚೊಂಬು ಅವಳ ಪಕ್ಕದಲ್ಲೇ ಇದೆ.

ವಾರದ ದಿನಗಳಿಗೆ ಒಂದು ವ್ಯವಸ್ಥೆ ಮಾಡಿಕೊಂಡಿದ್ದೇವೆ. ರಾತ್ರಿ ಎರಡು ಗಂಟೆಯ ಹಾಲಿಗೆ ಅವಳು ಎದ್ದಾಗ ನನಗೆ ಮಿಸ್ಡ್ ಕಾಲ್ ಕೊಡುತ್ತಾಳೆ. ನಾನೂ ಎದ್ದು ಫೋನಿನಲ್ಲಿ ಜೊತೆಗಿರುತ್ತೇನೆ. ಜಾಸ್ತಿ ಮಾತಾಡುವುದಿಲ್ಲ. ಮನೆಯಲ್ಲಿ ಎಲ್ಲರೂ ಮಲಗಿರುವಾಗ ಒಬ್ಬಳೇ ಎದ್ದಿದ್ದೇನೆ ಅನ್ನುವುದೇ ಅವಳಿಗೆ ಎಲ್ಲಕ್ಕಿಂತ ಕಷ್ಟವಾಗಿತ್ತಂತೆ.

ನಿವೃತ್ತ ಸಿಸ್ಟರ್ · ಸೋಮವಾರ, ಬೆಳಿಗ್ಗೆ 6:00

2.92! ವಾರಕ್ಕೆ 180 ಗ್ರಾಂ. ಸರಿಯಾಗಿದೆ. ಆರನೇ ವಾರದ ಲಸಿಕೆಗೆ ತಾಯಿ ಕಾರ್ಡ್ ತೆಗೆದುಕೊಂಡು ನೀನೂ ಹೋಗು. ಜನನ ನೋಂದಣಿ 21 ದಿನದೊಳಗೆ ಆಗಬೇಕು, ಆಸ್ಪತ್ರೆಯವರು ಕಳಿಸಿದ್ದಾರಾ ಅಂತ ಈಗಲೇ ವಿಚಾರಿಸು. ಕಾಗದ ಪತ್ರದ ಓಡಾಟ ಅವಳ ತಲೆಗೆ ಬೇಡ.

ಶನಿವಾರದ ಅಪ್ಪ · ನಾಲ್ಕು ತಿಂಗಳ ನಂತರ

ಬಹಳ ದಿನ ಆಯಿತು. ಮೊನ್ನೆ ಇಬ್ಬರನ್ನೂ ಬೆಂಗಳೂರಿಗೆ ಕರೆದುಕೊಂಡು ಬಂದೆ. ಹಾವೇರಿ ಅಣ್ಣ ಹೇಳಿದ ಹಾಗೆ ಉಳಿದಿದ್ದ ಎಂಟು ದಿನದ ರಜೆ ಈಗ ಹಾಕಿದ್ದೇನೆ. ಅಡುಗೆ, ಪಾತ್ರೆ ನನ್ನದು. ಮಗು 6.1 ಕೆಜಿ. ಇನ್ನೂ ಎದೆಹಾಲು ಮಾತ್ರ. ಅವಳು ಮುಂದಿನ ತಿಂಗಳು ಕೆಲಸಕ್ಕೆ ಹೋಗಬೇಕು, ಅದಕ್ಕೆ ಹಾಲು ಹಿಂಡಿ ಒಳಲೆಯಲ್ಲಿ ಕುಡಿಸುವುದನ್ನು ಈಗಿನಿಂದಲೇ ರೂಢಿ ಮಾಡುತ್ತಿದ್ದೇವೆ. ನಿನ್ನೆ ನನ್ನ ಕೈಲಿ ಮೊದಲ ಸಲ ಕುಡಿದಳು, ಅರ್ಧ ನನ್ನ ಬನಿಯನ್ ಮೇಲೆ ಚೆಲ್ಲಿತು. ಅತ್ತೆ ದಿನಾ ಸಂಜೆ ಫೋನ್ ಮಾಡುತ್ತಾರೆ. ನೀರು ಹಾಕುವಾಗ ಕತ್ತು ಹುಷಾರು ಅಂತ ನನಗೇ ಹೇಳುತ್ತಾರೆ.

ಶಿರಸಿ ಅಳಿಯ · ಅದೇ ದಿನ, ರಾತ್ರಿ 9:30

ಇಡೀ ಚರ್ಚೆ ಒಂದೇ ಉಸಿರಿಗೆ ಓದಿದೆ. ನಮ್ಮದು ಮುಂದಿನ ತಿಂಗಳು. ಆಸ್ಪತ್ರೆಯಲ್ಲಿ ಸಿಸ್ಟರ್ ಹೇಳಿಕೊಡುವಾಗ ಒಳಗೇ ಇರುತ್ತೇನೆ ಅಂತ ಈಗಲೇ ಡಾಕ್ಟರಿಗೆ ಹೇಳಿದ್ದೇನೆ. ಒಂದು ಪ್ರಶ್ನೆ. ಒಳಲೆ ಬೆಳ್ಳಿಯದೇ ಆಗಬೇಕಾ?

ತಿಪಟೂರು ಅಜ್ಜಿ · ಮರುದಿನ, ಬೆಳಿಗ್ಗೆ 8:45

ಬೇಡಪ್ಪ. ಸ್ಟೀಲಿನದು ಸಾಕು, ಪಾತ್ರೆ ಅಂಗಡಿಯಲ್ಲಿ ಕೇಳು. ಅಂಚು ಕೈಗೆ ಚುಚ್ಚುತ್ತದಾ ಅಂತ ಬೆರಳಾಡಿಸಿ ನೋಡಿ ತೆಗೆದುಕೋ. ಪ್ರತಿ ಸಲ ತೊಳೆದು ಹತ್ತು ನಿಮಿಷ ಕುದಿಸು.